ಕೆಆರ್‌ಎಸ್ ಮಟ್ಟ ಬಿಡಿಸಿಕೊಟ್ಟ ಲೆಕ್ಕ

ಪಿಯುಸಿ ಲ್ಯಾಬಿನಲ್ಲಿ ಕಬ್ಬಿನ ಹಾಲಿನ ಸಾಂದ್ರತೆ ಅಳೆದಿದ್ದೆ. ಹಾಲು ತುಂಬಿದ ಬೀಕರ್ 75.54 ಗ್ರಾಂ, ಖಾಲಿಯದು 48.20. ಕೊನೇ ಸೊನ್ನೆಗೇನು ಬೆಲೆ ಅಂತ 48.2 ಎಂದಷ್ಟೇ ಬರೆದೆ. 27.34 ಗ್ರಾಂ ಅನ್ನು 25.5 ಮಿ.ಲೀ.ನಿಂದ ಭಾಗಿಸಿ, ಕ್ಯಾಲ್ಕುಲೇಟರ್ ತೋರಿಸಿದ 1.072156863 ಅನ್ನು ಪೂರ್ತಿ ಇಳಿಸಿದೆ. ಎರಡಕ್ಕೂ ಕೆಂಪು ಗೆರೆ. ತುಂಬಾ ಬೇಜಾರಾಯಿತು.

ಆ ವಾರ ಮಂಡ್ಯದ ಮನೆಯಲ್ಲಿ ಅಪ್ಪ ಪೇಪರ್ ಓದುತ್ತಾ, ‘ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ’ ಎಂದರು. ಹುಟ್ಟಿದಾಗಿನಿಂದ ಕೇಳಿದ ಸಂಖ್ಯೆ. 124.8 ಅಂತ ಯಾಕೆ ಹಾಕಲ್ಲ? ಅಡಿಯ ನೂರನೇ ಒಂದು ಭಾಗದವರೆಗೂ ಲೆಕ್ಕವಿದೆ ಅಂತ ಹೇಳುವುದೇ ಆ ಸೊನ್ನೆ! ಥಟ್ಟನೆ ನನ್ನ ಬೀಕರ್ ನೆನಪಾಯಿತು. ತಕ್ಕಡಿ ನೂರನೇ ಭಾಗ ತೋರಿಸಿದ್ದರೂ ಸೊನ್ನೆ ಕೈಬಿಟ್ಟಿದ್ದೆ. ಹಾಗೆ ಬರೆದರೆ ವ್ಯತ್ಯಾಸ 27.3ಕ್ಕೇ ನಿಲ್ಲಬೇಕು.

ಕೂಡುವಾಗ, ಕಳೆಯುವಾಗ ದಶಮಾಂಶ ಸ್ಥಾನ ನೋಡಬೇಕು. ಗುಣಿಸುವಾಗ, ಭಾಗಿಸುವಾಗ ಸಾರ್ಥಕ ಅಂಕಿಗಳನ್ನು, ಅಂದರೆ ಅಳತೆಯಲ್ಲಿ ನಿಜಕ್ಕೂ ಬೆಲೆಯಿರುವ ಅಂಕಿಗಳನ್ನು, ಎಣಿಸಬೇಕು. ಇವೆರಡನ್ನೂ ಕಲಸಿಕೊಂಡಿದ್ದೇ ನನ್ನ ತೊಂದರೆ. (0.0045ರಲ್ಲಿ 4ಕ್ಕಿಂತ ಮೊದಲು ಬರುವ ಸೊನ್ನೆಗಳು ಲೆಕ್ಕಕ್ಕಿಲ್ಲ, ಅಲ್ಲಿ ಸಾರ್ಥಕ ಎರಡೇ.) 25.5ರಲ್ಲಿ ಮೂರೇ ಅಂಕಿ, ಹಾಗಾಗಿ ಉತ್ತರವೂ ಮೂರಂಕಿಯದೇ. ಖಾಲಿ ಬೀಕರಿನ ಎದುರು 48.20 ಎಂದು ತಿದ್ದಿ, ಕೆಳಗೆ 1.07 ಗ್ರಾಂ/ಮಿ.ಲೀ. ಎಂದು ಬರೆದೆ.