ಗಡ್ಡೆ ತೆಗೆಸಿದ ನಾಯಿಗೆ ಮಳೆಗಾಲದ ಆರೈಕೆ ಹೇಗೆ?

ಹೆಣ್ಣು ನಾಯಿಗಳಲ್ಲಿ ಮೊಲೆಯ ಗಡ್ಡೆ ಬಹಳ ಸಾಮಾನ್ಯ. ಸಂತಾನಹರಣ ಮಾಡಿಸದೆ ವಯಸ್ಸಾದವುಗಳಲ್ಲಿ ಇನ್ನೂ ಜಾಸ್ತಿ. ಶಿವಮೊಗ್ಗದ ವಿನೋಬನಗರದ ಪಶುವೈದ್ಯಕೀಯ ಕಾಲೇಜಿನಲ್ಲೋ ನಿಮ್ಮ ಊರಿನ ಡಾಕ್ಟರ ಹತ್ತಿರವೋ ಆಪರೇಷನ್ ಮಾಡಿಸಿದಿರಿ ಅನ್ನಿ. ಕೊಯ್ದು ತೆಗೆಯುವುದು ಅವರ ಕೆಲಸ, ಒಂದೆರಡು ಗಂಟೆಯದು. ಆಮೇಲಿನ ಎರಡು ವಾರ ನಿಮ್ಮದು. ಗಾಯ ಒಣಗಿರಬೇಕು, ನಾಲಿಗೆ ಅದಕ್ಕೆ ತಾಗಬಾರದು. ಮಲೆನಾಡಿನ ಮಳೆಯಲ್ಲಿ ಇವೆರಡೇ ಕಷ್ಟ.

ಮನೆಗೆ ತರುವಾಗ

ಅರಿವಳಿಕೆ ಪೂರ್ತಿ ಇಳಿದಿರುವುದಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆಯ ತಿರುವುಗಳಲ್ಲಿ ವಾಂತಿಯೂ ಆಗಬಹುದು. ಹಿಂದಿನ ಸೀಟಿನಲ್ಲಿ ಒಬ್ಬರು ಜೊತೆಗೆ ಕೂರಿ. ಎತ್ತುವಾಗ ಹೊಟ್ಟೆಯ ಕೆಳಗೆ ಕೈ ಹಾಕಬೇಡಿ, ಹೊಲಿಗೆ ಇರುವುದೇ ಅಲ್ಲಿ. ಒಂದು ಕೈ ಎದೆಯ ಮುಂದೆ, ಇನ್ನೊಂದು ಹಿಂಗಾಲುಗಳ ಹಿಂದೆ ಇರಲಿ. ರಾತ್ರಿ ಸ್ವಲ್ಪ ನೀರು ಕೊಡಿ. ಅದು ದಕ್ಕಿದರೆ ನಾಲ್ಕು ತುತ್ತು ಮೆತ್ತನೆ ಅನ್ನ, ಅಷ್ಟೇ ಸಾಕು.

ಎಲ್ಲಿ ಮಲಗಿಸುವುದು?

ದೊಡ್ಡ ತಲೆನೋವು ಇದೇ. ನಮ್ಮ ಕಡೆ ನಾಯಿ ಅಂದರೆ ಅಂಗಳದ್ದು, ಒಳಗಿನದಲ್ಲ. ಆರಿದ್ರಾ ಮಳೆ ಹಿಡಿದರೆ ಅದು ಹುಡುಕಿಕೊಂಡು ಹೋಗುವುದು ಬಚ್ಚಲೊಲೆಯನ್ನು. ಹಂಡೆಯ ಬೆಂಕಿ ಆರಿದ ಮೇಲೆ ಬೆಚ್ಚಗಿನ ಬೂದಿಯನ್ನು ಕೆದರಿ, ಮೂತಿಯನ್ನು ಬಾಲಕ್ಕೆ ಸೇರಿಸಿ ಸುತ್ತಿಕೊಂಡು ಮಲಗುತ್ತದೆ. ಎದ್ದಾಗ ಹೊಟ್ಟೆಯಿಡೀ ಬೂದಿ. ಹಸಿ ಹೊಲಿಗೆಗೆ ಅದು ಮೆತ್ತಿಕೊಂಡರೆ ಕೀವಾಗಲು ಇನ್ನೇನು ಬೇಕು? ಬಚ್ಚಲಮನೆ ಬಾಗಿಲು ಹಾಕಿಯೇ ಇಡಿ.

ಅಜ್ಜಿ ಗೊಣಗಿದರೂ ಪರವಾಗಿಲ್ಲ, ಎರಡು ವಾರ ನಾಯಿ ಜಗಲಿಯ ಒಣ ಮೂಲೆಯಲ್ಲಿರಲಿ. ನೆಲದ ತಂಡಿ ತಾಗದಂತೆ ಹಲಗೆ ಹಾಕಿ, ಮೇಲೆ ಹಳೆ ಕಾಟನ್ ಸೀರೆ ಮಡಿಸಿ ಹಾಸಿ. ಗೋಣಿಚೀಲ ಬೇಡ, ಧೂಳು ಮತ್ತು ನಾರು ಗಾಯಕ್ಕೆ ಅಂಟುತ್ತವೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ ಅಲ್ವಾ, ಹಾಗಾಗಿ ದಿನಾ ಬದಲಿಸಲು ಸಾಕಾಗುವಷ್ಟು ತುಂಡು ಮೊದಲೇ ಒಣಗಿಸಿಟ್ಟುಕೊಳ್ಳಿ.

ಒಂದು, ಎರಡಕ್ಕೆ ಹೊರಗೆ ಕರೆದೊಯ್ಯುವಾಗ ಮಳೆ ಬಿಟ್ಟ ಹೊತ್ತು ನೋಡಿ. ಚೈನ್ ಕೈಯಲ್ಲೇ ಇರಲಿ. ತೋಟದಲ್ಲಿ ಮಂಗ ಕಂಡರೆ ನಮ್ಮ ನಾಯಿಗಳಿಗೆ ಆಪರೇಷನ್ ಆದದ್ದು ನೆನಪಿರುವುದಿಲ್ಲ! ಬಂದ ಮೇಲೆ ಕಾಲು, ಹೊಟ್ಟೆ ಒರೆಸಿ, ಇಂಬಳ (ಜಿಗಣೆ) ಹತ್ತಿದೆಯೇ ನೋಡಿ. ಹೊಲಿಗೆ ಬಿಚ್ಚುವವರೆಗೆ ಸ್ನಾನ ಬೇಡ.

ಕೋನ್ ಬಿಚ್ಚಬೇಡಿ

ಗಾಯ ನೆಕ್ಕದಂತೆ ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕಿದ ಮೊದಲ ದಿನ ನಾಯಿ ಕಂಬಕ್ಕೆ, ಬಾಗಿಲಿಗೆ ಡಿಕ್ಕಿ ಹೊಡೆಯುತ್ತದೆ. ಅಯ್ಯೋ ಪಾಪ ಅನಿಸಿ ಬಿಚ್ಚಿಬಿಡುತ್ತೇವೆ. ನಾಯಿ ನೆಕ್ಕಿದರೆ ಗಾಯ ಬೇಗ ಮಾಯುತ್ತದೆ ಅನ್ನುವ ಮಾತು ಬೇರೆ! ಹೊಲಿಗೆ ಹಾಕಿದ ಗಾಯಕ್ಕೆ ಅದು ಶುದ್ಧ ಸುಳ್ಳು. ನೆಕ್ಕುತ್ತಾ ನೆಕ್ಕುತ್ತಾ ದಾರವನ್ನೇ ಕಿತ್ತು ಹಾಕುತ್ತದೆ. ಊಟದ ತಟ್ಟೆಯನ್ನು ಸ್ವಲ್ಪ ಎತ್ತರದಲ್ಲಿಡಿ, ಕೋನ್ ಇದ್ದೇ ತಿನ್ನಲು ಕಲಿಯುತ್ತದೆ.

ಗಾಯ ನೋಡುವುದು

ಬೆಳಿಗ್ಗೆ, ಸಂಜೆ ನೋಡಿ. ದಿನಾ ಒಂದು ಫೋಟೊ ತೆಗೆದಿಟ್ಟರೆ ಊತ ಇಳಿಯುತ್ತಿದೆಯೋ ಏರುತ್ತಿದೆಯೋ ಗೊತ್ತಾಗುತ್ತದೆ. ಮೊದಲ ಕೆಲವು ದಿನ ಸ್ವಲ್ಪ ಕೆಂಪು, ಸ್ವಲ್ಪ ಊತ ಸಹಜ. ಕೆಟ್ಟ ವಾಸನೆ, ಕೀವು, ಬಿರಿದ ಹೊಲಿಗೆ ಕಂಡರೆ ಡಾಕ್ಟರಿಗೆ ತೋರಿಸಿ. ಚರ್ಮದ ಕೆಳಗೆ ನೀರು ತುಂಬಿ ಮೆತ್ತಗೆ ಉಬ್ಬಿದರೆ ನೀವೇ ಒತ್ತಲು, ಚುಚ್ಚಲು ಹೋಗಬೇಡಿ. ವಸಡು ಬಿಳಿಚಿಕೊಂಡು ನಾಯಿ ಏಳದೆ ಬಿದ್ದುಕೊಂಡಿದ್ದರೆ ಒಳಗೆ ರಕ್ತ ಹೋಗುತ್ತಿರಬಹುದು. ಆಗ ಬೆಳಗಾಗಲಿ ಅಂತ ಕಾಯಬಾರದು.

ಅರಿಶಿನ, ಕೊಬ್ಬರಿ ಎಣ್ಣೆ, ಸ್ಪಿರಿಟ್ ಯಾವುದೂ ಬೇಡ. ಡಾಕ್ಟರು ಹೇಳಿದ್ದು ಮಾತ್ರ. ಒದ್ದೆ ಗಾಯದ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ಮಲಗುವ ಜಾಗಕ್ಕೆ ಸೊಳ್ಳೆಪರದೆ ಕಟ್ಟಿದರೆ ಅರ್ಧ ಚಿಂತೆ ಕಡಿಮೆ. ಉಣುಗನ್ನೂ ಅಸಡ್ಡೆ ಮಾಡಬೇಡಿ. ಉಣುಗಿನಿಂದ ಬರುವ ಎರ್ಲಿಕಿಯೋಸಿಸ್ ಜ್ವರ ಪ್ಲೇಟ್‌ಲೆಟ್ ಇಳಿಸುತ್ತದೆ, ರಕ್ತ ಹೆಪ್ಪುಗಟ್ಟುವುದು ಕಷ್ಟವಾಗುತ್ತದೆ.

ಮಾತ್ರೆ, ಊಟ

ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಕೊಡಲೇಬೇಡಿ, ನಾಯಿಗೆ ಅವು ವಿಷವಾಗಬಹುದು. ಡಾಕ್ಟರು ನೋವಿಗೆ ಮೆಲಾಕ್ಸಿಕಾಮ್ ಬರೆದಿದ್ದರೆ ಊಟದ ಜೊತೆ ಕೊಡಿ. ವಾಂತಿಯಾದರೆ, ಮಲ ಕಪ್ಪಗಾದರೆ ನಿಲ್ಲಿಸಿ ಫೋನ್ ಮಾಡಿ. ಆ್ಯಂಟಿಬಯೋಟಿಕ್ ಮಾತ್ರ ನಾಯಿ ಗೆಲುವಾಯಿತು ಅಂತ ಅರ್ಧಕ್ಕೆ ಬಿಡಬೇಡಿ.

ಅನ್ನಕ್ಕೆ ಬೇಯಿಸಿದ ಮೊಟ್ಟೆ ಅಥವಾ ಮೂಳೆಯಿಲ್ಲದ ಕೋಳಿ ಕಲಸಿ. ನಮ್ಮ ಸಾರು ಹಾಕಬೇಡಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನೇ ಹಾಳು ಮಾಡುತ್ತವೆ. ಮೂರು ದಿನ ಮಲ ಹೋಗದಿದ್ದರೆ ಗಾಬರಿ ಬೇಡ.

ರಿಪೋರ್ಟ್ ಬಂದ ಮೇಲೆ

ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ. ತೆಗೆದ ಗಡ್ಡೆಯನ್ನು ಎಸೆಯದೆ ಕೊಳೆಯದಂತೆ ಫಾರ್ಮಲಿನ್ ದ್ರವದಲ್ಲಿ ಹಾಕಿ ಪರೀಕ್ಷೆಗೆ ಕಳಿಸಲು ಮೊದಲೇ ಹೇಳಿರಿ. ಸುಮ್ನೆ ದುಡ್ಡು ದಂಡ ಅಂದುಕೊಳ್ಳಬೇಡಿ. ನಾಯಿಗಳ ಮೊಲೆಯ ಗಡ್ಡೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಕ್ಯಾನ್ಸರ್. ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳಲಾಗದು. ಕ್ಯಾನ್ಸರ್ ಆಗಿದ್ದರೆ ಅದು ಹೆಚ್ಚಾಗಿ ಹರಡುವುದು ಶ್ವಾಸಕೋಶಕ್ಕೆ. ಎದೆಯ ಎಕ್ಸ್‌ರೇ ಯಾವಾಗ ಯಾವಾಗ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಕೀಮೋ (ಕ್ಯಾನ್ಸರ್ ಔಷಧ) ಶುರುವಾದರೆ ಪ್ರತಿ ಸಲ ಕೊಟ್ಟ ಮೇಲೆ ಕೆಲವು ದಿನ ನಾಯಿಯ ಮೂತ್ರ, ಮಲವನ್ನು ಗ್ಲೌಸ್ ಹಾಕಿಯೇ ತೆಗೆಯಿರಿ. ಬಸುರಿಯರು ಆ ಕೆಲಸಕ್ಕೆ ಹೋಗುವುದೇ ಬೇಡ.

ಆಮೇಲೆ ತಿಂಗಳಿಗೊಮ್ಮೆ ನಾಯಿಯನ್ನು ಅಂಗಾತ ಮಲಗಿಸಿ, ಎದೆಯಿಂದ ತೊಡೆಸಂದಿಯವರೆಗೆ ಎರಡೂ ಸಾಲು ಮೊಲೆಗಳನ್ನು ಬೆರಳಲ್ಲಿ ಒತ್ತಿ ನೋಡಿ. ಅವರೆಕಾಳಿನಷ್ಟು ಗಂಟು ಸಿಕ್ಕರೂ ದೊಡ್ಡದಾಗಲು ಬಿಡದೆ ತೋರಿಸಿ.