ಅಘನಾಶಿನಿ ಅಫನಾಶಿನಿಯಾದಾಗ

ನಾನು ಕುಮಟಾ ಹತ್ತಿರದ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಜಿಲ್ಲೆಯ ನದಿಗಳ ಬಗ್ಗೆ, ಫೋನಿನಲ್ಲಿ ಓದುವಂಥ ಚಿಕ್ಕ ಪುಸ್ತಕವೊಂದನ್ನು ಮಕ್ಕಳಿಗಾಗಿ ಮಾಡಿದ್ದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಜೊತೆಗೊಂದು ನಕಾಶೆ. ಕಂಪ್ಯೂಟರಿನಲ್ಲಿ ಚೆಂದವಾಗೇ ಕಂಡಿತ್ತು.

ಏಳನೇ ತರಗತಿಯ ಒಬ್ಬ ಹುಡುಗಿಗೆ ದೃಷ್ಟಿ ಸ್ವಲ್ಪ ಮಂದ. ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದಳು. "ಅಕ್ಕೋರೆ, ಈ ಅಫನಾಶಿನಿ ಎಲ್ಲಿ ಬರ್ತದೆ?"

ಅವಳ ಮನೆ ಹಿಂದೆಯೇ ಹರಿಯುವ ಹೊಳೆ ಅದು. ಮನೆಯಲ್ಲಿ ಬರೀ ಹೊಳೆ ಅಂತಾರೆ, ಅಷ್ಟೇ.

ಅವಳ ಫೋನನ್ನೇ ಇಸಿದುಕೊಂಡು ನೋಡಿದೆ. ನಕಾಶೆಯ ಸಣ್ಣ ಅಕ್ಷರದಲ್ಲಿ ಘ ಯಾವುದು, ಫ ಯಾವುದು ಅಂತ ನನಗೂ ಗೊತ್ತಾಗಲಿಲ್ಲ. ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಫಾಂಟನ್ನು ಯೋಚನೆ ಮಾಡದೆ ಹಾಕಿಬಿಟ್ಟಿದ್ದೆ.

ಆಮೇಲೆ ಒಂದು ಪುಟ ಮಾಡಿಕೊಂಡೆ. ಗೊಂದಲ ಆಗುವ ಅಕ್ಷರಗಳನ್ನು ಅಕ್ಕಪಕ್ಕ ಬರೆದೆ: ಘ ಫ, ದ ಧ ಥ, ರ ಠ, ಪ ಷ, ಬ ಭ. ಕೆಳಗೆ ರಾಷ್ಟ್ರ, ಸ್ತ್ರೀ, ಸಾಮರ್ಥ್ಯ. ಅದನ್ನೇ ಐದು ಫಾಂಟಿನಲ್ಲಿ ಹಾಕಿ ಫೋನಿಗೆ ಕಳಿಸಿಕೊಂಡು, ಜಗಲಿಯ ಬಿಸಿಲಲ್ಲಿ ಕೂತು ಓದಿದೆ. ಮಕ್ಕಳು ಓದುವುದೂ ಅಲ್ಲೇ ಅಲ್ವಾ? ಅವುಗಳಲ್ಲಿ ನೋಟೋ ಸೆರಿಫ್ ಕನ್ನಡ ನನಗೆ ತುಂಬ ಇಷ್ಟ, ಆದರೆ ಅದರ ತೆಳು ಗೆರೆಗಳು ಬಿಸಿಲಿಗೆ ಮಾಯವಾದವು. ಬಾಲೂ ತಮ್ಮ ಅನ್ನುವ ಫಾಂಟ್ ದಪ್ಪಗೆ ಮುದ್ದಾಗಿದೆ. ತಲೆಬರಹಕ್ಕೆ ಸರಿ, ನಕಾಶೆಯ ಹೆಸರಿಗೆ ಹಾಕಿದರೆ ಅಕ್ಷರದ ಒಳಗಿನ ಜಾಗವೇ ಮುಚ್ಚಿಹೋಗುತ್ತದೆ. ಕೊನೆಗೆ ನೋಟೋ ಸ್ಯಾನ್ಸ್ ಕನ್ನಡ ಉಳಿಯಿತು. ನೋಡೋಕೆ ಸ್ವಲ್ಪ ಸಪ್ಪೆ, ಇರಲಿ. ಮುಕ್ತ ಪರವಾನಗಿಯದ್ದು, ಪುಸ್ತಕದ ಫೈಲಿನೊಳಗೇ ಸೇರಿಸಿ ಕೊಡಬಹುದು.

ಅದನ್ನೇ ಆರಿಸಲು ಇನ್ನೊಂದು ಕಾರಣವೂ ಇತ್ತು. ಹಳೆಯ ಪುಸ್ತಕದಲ್ಲಿ "ಪಾಠ 3" ಅನ್ನುವುದು "ಪಾರ 3" ಥರ ಕಾಣುತ್ತಿತ್ತು. ಆ ಫಾಂಟಿಗೆ ದಪ್ಪ ರೂಪವೇ ಇರಲಿಲ್ಲ. ನಾನು ಬೋಲ್ಡ್ ಒತ್ತಿದಾಗ ಸಾಫ್ಟ್‌ವೇರ್ ಇದ್ದ ಗೆರೆಗಳನ್ನೇ ಉಬ್ಬಿಸಿತ್ತು, ಠ ಒಳಗಿನ ಚುಕ್ಕಿ ಗೆರೆಯೊಳಗೆ ಸೇರಿಹೋಗಿತ್ತು. ನೋಟೋದಲ್ಲಿ ದಪ್ಪ ಅಕ್ಷರಗಳನ್ನು ಬೇರೆಯಾಗೇ ಬಿಡಿಸಿದ್ದಾರೆ. ಓರೆ ಅಕ್ಷರವನ್ನಂತೂ ಪೂರ್ತಿ ಬಿಟ್ಟೆ.

ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಅಳತೆಯ 1.6 ಪಟ್ಟು ಇಟ್ಟೆ. ಇಂಗ್ಲಿಷಿಗೆ ಸಾಕಾಗುವ ಅಂತರ ನಮಗೆ ಸಾಲದು. ಮೇಲಿನ ಸಾಲಿನ "ಷ್ಟ್ರ"ದ ಒತ್ತು ಇಳಿದು ಬಂದು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎರಡೂ ಬದಿ ಸಮ ಮಾಡುವುದನ್ನೂ ಬಿಟ್ಟೆ. ನಮ್ಮ ಪದಗಳು ಉದ್ದ, ಫೋನಿನ ಪರದೆ ಕಿರಿದು, ನಡುನಡುವೆ ಸುಮ್ನೆ ದೊಡ್ಡ ದೊಡ್ಡ ಕಂಡಿ ಬೀಳುತ್ತವೆ. ಪಿಡಿಎಫ್ ಬದಲು ಇಪಬ್ ಅನ್ನುವ ಇ-ಪುಸ್ತಕದ ಫೈಲ್ ಮಾಡಿದೆ. ಅದರಲ್ಲಿ ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಸಾಲು ಪರದೆಯೊಳಗೇ ಮಡಚಿಕೊಳ್ಳುತ್ತದೆ, ಅತ್ತಿತ್ತ ಎಳೆದಾಡುವ ಕೆಲಸ ಇಲ್ಲ.

ನಕಾಶೆಯಲ್ಲಿ ತಿಳಿ ನೀಲಿ ಸಮುದ್ರದ ಮೇಲೆ ಬಿಳಿ ಅಕ್ಷರ ಇತ್ತು. ಓದಲು ಆಗುವಂತಿರಬೇಕಾದರೆ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಬೇಕು ಅನ್ನುತ್ತದೆ ಡಬ್ಲ್ಯೂಸಿಎಜಿ, ಅಂದರೆ ವೆಬ್ ಪುಟಗಳು ಎಲ್ಲರಿಗೂ ಓದಲು ಆಗಲಿ ಅಂತ ಮಾಡಿದ ನಿಯಮ. ಹೆಸರುಗಳನ್ನು ಕಡು ನೀಲಿ ಮಾಡಿದೆ. ನಕಾಶೆ ಚಿತ್ರವಾದ್ದರಿಂದ ಗಟ್ಟಿಯಾಗಿ ಓದುವ ಆ್ಯಪ್‌ಗೆ ಅದರೊಳಗಿನ ಹೆಸರು ಸಿಗುವುದಿಲ್ಲ. ಯಾವ ಹೊಳೆ ಎಲ್ಲಿ ಸಮುದ್ರ ಸೇರುತ್ತದೆ ಅಂತ ನಾಲ್ಕು ಸಾಲಿನ ವಿವರಣೆಯನ್ನು ಚಿತ್ರಕ್ಕೆ ಸೇರಿಸಿದೆ.

ಜಾಸ್ತಿ ತಲೆ ತಿಂದದ್ದು ಮಾತ್ರ ಫಾಂಟ್ ಅಲ್ಲ. ಹುಡುಗಿ "ಗಂಗಾವಳಿ" ಅಂತ ಹುಡುಕಿದರೆ ಪುಸ್ತಕದಲ್ಲಿ ಅರ್ಧ ಕಡೆ ಸಿಗುತ್ತಲೇ ಇರಲಿಲ್ಲ. ಕಣ್ಣಿಗೆ ಎಲ್ಲ ಸರಿಯಾಗೇ ಇತ್ತು. ಒಂದು ಸಂಜೆ ಪೂರ್ತಿ ಕೂತ ಮೇಲೆ ಗೊತ್ತಾಯಿತು. ಕೆಲವು ಪಾಠ ಟೈಪ್ ಮಾಡಿಕೊಟ್ಟ ಸಹೋದ್ಯೋಗಿಯೊಬ್ಬರು ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆಯನ್ನೇ ಒತ್ತುತ್ತಿದ್ದರು. ಕಾಣಲು ಎರಡೂ ಒಂದೇ ದುಂಡು, ಕಂಪ್ಯೂಟರಿಗೆ ಬೇರೆ ಬೇರೆ. ಅಂಥ ಸೊನ್ನೆಗಳನ್ನೆಲ್ಲ ಹುಡುಕಿ ಬದಲಿಸಿದೆ. ಅವರಿಗೂ ತೋರಿಸಿದೆ. "ಹಂಗಾರೆ ಇಷ್ಟು ವರ್ಷ ನಾ ಗಂ ಅಂತ ಬರೆದೇ ಇಲ್ವಾ?" ಅಂತ ನಕ್ಕರು.