ಗೋವಾ ಗಡಿಯ ಸಣ್ಣ ರಾಜ್ಯ ಹೆದ್ದಾರಿ: ಅದರ ವಯಸ್ಸು ಪತ್ತೆ ಹಚ್ಚುವುದು ಹೇಗೆ?

ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ಕಡೆಯ ಯಾವುದೇ ರಸ್ತೆಯ ಇತಿಹಾಸ ಹುಡುಕುವ ಮುಂಚೆ ಎರಡು ತಾರೀಖು ತಲೆಯಲ್ಲಿರಲಿ. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾಗುವವರೆಗೆ ಖಾನಾಪುರ ತಾಲ್ಲೂಕಿನ ಪಶ್ಚಿಮದ ಅಂಚೇ ಪೋರ್ಚುಗೀಸರ ಜೊತೆಗಿನ ಅಂತರರಾಷ್ಟ್ರೀಯ ಗಡಿ. ಹಾಗಾಗಿ ಹಳೇ ಕಡತಕ್ಕೆ ಬೆಂಗಳೂರಿಗಿಂತ ಮೊದಲು ಮುಂಬೈ ಪತ್ರಾಗಾರ ನೋಡಿ. ಚಂದಗಡ ಕಡೆಯ ರಸ್ತೆಯಾದರೆ ಕೊಲ್ಹಾಪುರವನ್ನೂ ಸೇರಿಸಿ. 1956ರಲ್ಲಿ ಆ ತಾಲ್ಲೂಕು ಬೆಳಗಾವಿಯಿಂದ ಕೊಲ್ಹಾಪುರಕ್ಕೆ ಹೋಯಿತು.

ಹೆದ್ದಾರಿ ಸಂಖ್ಯೆ ಹಿಡಿದು ಹುಡುಕಬೇಡಿ. ಬೆಳಗಾವಿ–ಪಣಜಿಯ ರಾಷ್ಟ್ರೀಯ ಹೆದ್ದಾರಿ 4ಎ ಈಗ 748. ಸಂಖ್ಯೆ ಬಿದ್ದ ವರ್ಷವನ್ನೇ ರಸ್ತೆ ಹುಟ್ಟಿದ ವರ್ಷ ಎಂದು ಬರೆಯುವುದು ಎಲ್ಲೆಲ್ಲೂ ಕಾಣುವ ತಪ್ಪು. ಊರ ಹೆಸರಿನಿಂದ ಹುಡುಕಿ. 1884ರ ಮುಂಬೈ ಪ್ರಾಂತ್ಯದ ಗ್ಯಾಝೆಟಿಯರ್‌ನ 21ನೇ ಸಂಪುಟ ಬೆಳಗಾವಿಯದು. ರಸ್ತೆ, ಘಾಟುಗಳ ವಿವರ ಅದರ ವ್ಯಾಪಾರದ ಅಧ್ಯಾಯದಲ್ಲಿದೆ. ಆಮೇಲೆ ಒಂದಿಂಚಿಗೆ ಒಂದು ಮೈಲಿಯ ಹಳೇ ಸರ್ವೆ ನಕಾಶೆಯನ್ನು ಇಂದಿನ 1:50,000 ನಕಾಶೆಯ ಪಕ್ಕ ಇಡಿ. ತಿರುವುಗಳು ಹೊಂದದಿದ್ದರೆ ರಸ್ತೆ ಜಾಗ ಬದಲಿಸಿದೆ.

ಈಗ ರಸ್ತೆಗೆ ಇಳಿಯಿರಿ. ಹಸಿರು ತಲೆಯ ಕಿಲೋಮೀಟರ್ ಕಲ್ಲು ಇತ್ತೀಚಿನದು, ಅದು ರಾಜ್ಯ ಹೆದ್ದಾರಿ ಎಂದಷ್ಟೇ ಹೇಳುತ್ತದೆ. ಹಳೇ ಕಲ್ಲಿನಲ್ಲಿ 17 ಎಂದಿದ್ದರೆ ಅದು ಮೈಲಿ ಇರಬಹುದು, ಅಂದರೆ 27.4 ಕಿ.ಮೀ. ಅದನ್ನು ಕಿಲೋಮೀಟರ್ ಎಂದು ಓದಿದರೆ ಲೆಕ್ಕವೆಲ್ಲ ಕೆಡುತ್ತದೆ. ಅಗಲೀಕರಣದಲ್ಲಿ ಕಿತ್ತ ಕಲ್ಲನ್ನು ಬೇರೆಡೆ ನೆಟ್ಟಿರುವುದೂ ಉಂಟು. ಒಂದೇ ಕಲ್ಲು ನಂಬಬೇಡಿ.

ರಸ್ತೆಯಡಿ ನೀರು ಹರಿಯುವ ಮೋರಿ ಇದಕ್ಕಿಂತ ಒಳ್ಳೇ ಸಾಕ್ಷಿ. ಕೆಳಗಿಳಿದು ಬ್ಯಾಟರಿ ಬೆಳಕು ಬಿಡಿ. ಮಧ್ಯದಲ್ಲಿ ಕಲ್ಲಿನ ಕಮಾನು, ಎರಡೂ ಬದಿಗೆ ಕಾಂಕ್ರೀಟ್ ಸ್ಲ್ಯಾಬ್ ಕಂಡರೆ ಆ ಜೋಡಣೆಯ ಗೆರೆಯಿಂದ ಗೆರೆಗೆ ಟೇಪು ಹಿಡಿಯಿರಿ: ಹಳೇ ರಸ್ತೆಯ ಅಗಲ ಸುಮಾರಾಗಿ ಸಿಕ್ಕಿತು. ಗಾರೆ ಹಳೇ ಸುಣ್ಣದ್ದೇ ಎಂದು ತಿಳಿಯಲು ಲಿಂಬೆಹುಳಿ ಹಿಂಡಿ ನೊರೆ ನೋಡುವ ಪರೀಕ್ಷೆ ಬೇಡ, ಹಳೇ ಸಿಮೆಂಟೂ ನೊರೆಯುತ್ತದೆ. ಮಳೆಗಾಲದಲ್ಲಿ ಈ ಕೆಲಸ ಆಗುವುದಿಲ್ಲ. ಡಿಸೆಂಬರ್‌ನಿಂದ ಏಪ್ರಿಲ್ ಸರಿ.

ಕೊನೆಗೆ ಲೋಕೋಪಯೋಗಿ ಇಲಾಖೆಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. ‘ರಸ್ತೆಯ ಇತಿಹಾಸ ಕೊಡಿ’ ಎಂದರೆ ‘ಲಭ್ಯವಿಲ್ಲ’ ಎಂಬ ಉತ್ತರ ಬರುತ್ತದೆ. ರಸ್ತೆ ರಿಜಿಸ್ಟರ್, ಸೇತುವೆ–ಮೋರಿ ರಿಜಿಸ್ಟರ್, ರಾಜ್ಯ ಹೆದ್ದಾರಿಯಾಗಿ ಘೋಷಿಸಿದ ಅಧಿಸೂಚನೆ – ಈ ಮೂರರ ಪ್ರತಿ ಎಂದು ಹೆಸರಿಟ್ಟೇ ಕೇಳಿ.